ಮದ್ದಿಲ್ಲದ ರೋಗಕ್ಕೆ ಮನೆ ಕಟ್ಟಿಸಿದ ಅರಸ

ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ನಿಧನರಾದರು. ಆಗ ಅವರಿಗೆ 31 ವರ್ಷ. ಯಾತ್ರೆ ಮತ್ತು ರಾಜಕಾರ್ಯದ ನಿಮಿತ್ತ ಪರಿವಾರದೊಡನೆ ಉತ್ತರಕ್ಕೆ ಹೋಗಿದ್ದವರು ಗಂಟಲುಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ ಗುರಿಯಾಗಿ ಊರಿಗೆ ಮರಳಲೇ ಇಲ್ಲ. ಅಂತ್ಯಕ್ರಿಯೆಯೂ ಅಲ್ಲಿಯೇ ನಡೆಯಿತು. ಹಿರಿಯ ಮಗ ಕೃಷ್ಣರಾಜನಿಗೆ ಹತ್ತು ವರ್ಷ ತುಂಬಿ ಆರು ತಿಂಗಳಾಗಿತ್ತಷ್ಟೆ. 1895ರ ಫೆಬ್ರವರಿ 1ರಂದು ಆ ಬಾಲಕ ಸಿಂಹಾಸನವೇರಿದ. ಮುಂದೆ ನಾಡು ನಾಲ್ವಡಿ ಕೃಷ್ಣರಾಜ ಒಡೆಯರೆಂದು ಕರೆದು, ರಾಜರ್ಷಿಯೆಂದು ಕೊಂಡಾಡಿದ ಅರಸು ಇವರೇ.

ನಾಲ್ವಡಿಯವರ ಹೆಸರು ಬಂದೊಡನೆ ನಮಗೆ ಕನ್ನಂಬಾಡಿ ಕಟ್ಟೆ, ಶಿವನಸಮುದ್ರದ ವಿದ್ಯುತ್ತು, ಮೈಸೂರು ವಿಶ್ವವಿದ್ಯಾನಿಲಯ, ದಸರಾ ಜಂಬೂಸವಾರಿ ನೆನಪಾಗುತ್ತವೆ. ಸರ್ ಎಂ. ವಿಶ್ವೇಶ್ವರಯ್ಯ, ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರುಗಳೂ ಜೊತೆಗೇ ಬರುತ್ತವೆ. ಆದರೆ ಈ ಅರಸರ ಬದುಕನ್ನು ಇನ್ನೊಂದು ಬಾಗಿಲಿನಿಂದಲೂ ನೋಡಬಹುದು. ಆ ಬಾಗಿಲು ರೋಗಿಯ ಕೋಣೆಯದು. ಕಣ್ಣಿಗೆ ಕಾಣದ ಜೀವಾಣುಗಳು ಗಂಟಲು ಹಾಗೂ ಎದೆಯನ್ನು ಹೊಕ್ಕು ಅವರ ಮನೆಯವರನ್ನು ಕಿತ್ತುಕೊಂಡ ಕಾಲ, ಅದೇ ಜೀವಾಣುಗಳಿಗೆ ಮದ್ದು ಹುಡುಕಲು ಯೂರೋಪು ಹೆಣಗುತ್ತಿದ್ದ ಕಾಲವೂ ಆಗಿತ್ತು. ಮದ್ದು ಪ್ರತಿ ಸಲವೂ ಮೈಸೂರಿನ ಅರಮನೆಗೆ ತಡವಾಗಿಯೇ ಬಂದಿತು. ಅದು ಬರುವವರೆಗೆ ಒಬ್ಬ ಅರಸ ಏನು ಮಾಡಬಹುದಾಗಿತ್ತೋ ಅದನ್ನು ನಾಲ್ವಡಿಯವರು ಮಾಡಿದರು.

ಮೂರು ತಿಂಗಳ ಅಂತರ

ಗಂಟಲುಮಾರಿ ಮೊದಲಿಗೆ ಸಾಮಾನ್ಯ ಗಂಟಲುನೋವಿನಂತೆಯೇ ತೋರುತ್ತದೆ. ಜ್ವರವೂ ಹೆಚ್ಚಿರುವುದಿಲ್ಲ. ಒಂದೆರಡು ದಿನಗಳಲ್ಲಿ ಗಂಟಲಿನೊಳಗೆ ಬೂದುಬಣ್ಣದ, ಚರ್ಮದಂತೆ ಗಟ್ಟಿಯಾದ ಪೊರೆಯೊಂದು ಹಬ್ಬುತ್ತದೆ. ಅದನ್ನು ಕೀಳಹೋದರೆ ರಕ್ತ ಒಸರುತ್ತದೆ. ಪೊರೆ ಕೆಳಗಿಳಿದು ಶ್ವಾಸನಾಳದ ಬಾಯಿಯನ್ನು ಮುಚ್ಚಿದರೆ ರೋಗಿ ಉಸಿರುಗಟ್ಟಿ ಸಾಯುತ್ತಾನೆ. ಅಲ್ಲಿ ಬದುಕುಳಿದರೂ ಜೀವಾಣು ಸ್ರವಿಸುವ ವಿಷ ರಕ್ತದಲ್ಲಿ ಹರಿದು ಹೃದಯದ ಸ್ನಾಯುವನ್ನು ಕೆಡಿಸುತ್ತದೆ. ಗುಣವಾಗುತ್ತಿರುವಂತೆ ಕಂಡ ರೋಗಿ ಎರಡನೆಯ ವಾರದಲ್ಲಿ ಹಠಾತ್ತನೆ ಕುಸಿಯುವುದು ಇದರಿಂದಲೇ.

ಈ ಜೀವಾಣುವನ್ನು ಜರ್ಮನಿಯ ಲೋಫ್ಲರ್ ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದ್ದು 1884ರಲ್ಲಿ, ಅಂದರೆ ನಾಲ್ವಡಿಯವರು ಹುಟ್ಟಿದ ವರ್ಷದಲ್ಲಿ. ಅದರ ವಿಷವನ್ನು ಮುರಿಯುವ ಪ್ರತಿವಿಷವನ್ನು ಬೆರಿಂಗ್ ಮತ್ತು ಕಿಟಸಾಟೊ 1890ರಲ್ಲಿ ಪ್ರಕಟಪಡಿಸಿದರು. ಕುದುರೆಯ ರಕ್ತದಿಂದ ಆ ಪ್ರತಿವಿಷವನ್ನು ಪಡೆದು ಪ್ಯಾರಿಸ್ಸಿನ ಮಕ್ಕಳ ಆಸ್ಪತ್ರೆಯಲ್ಲಿ ಪ್ರಯೋಗಿಸಿದ ಎಮಿಲ್ ರೂ ಅವರು, ಸುಮಾರು ಅರ್ಧದಷ್ಟಿದ್ದ ಸಾವಿನ ಪ್ರಮಾಣ ಕಾಲುಭಾಗಕ್ಕೆ ಇಳಿದಿದೆಯೆಂದು ಬುಡಾಪೆಸ್ಟ್ ನಗರದ ವೈದ್ಯ ಸಮ್ಮೇಳನದಲ್ಲಿ ವರದಿ ಮಾಡಿದರು. ಅದು 1894ರ ಸೆಪ್ಟೆಂಬರ್. ಚಾಮರಾಜ ಒಡೆಯರು ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಆ ಸೀರಮ್ಮು ಯೂರೋಪಿನಲ್ಲೇ ಸಾಕಷ್ಟು ಸಿಗದಿದ್ದ ದಿನಗಳವು. ಲೋಕಕ್ಕೆ ಮದ್ದು ಸಿಕ್ಕ ಸುದ್ದಿಗೂ ಮೈಸೂರು ಅರಸರ ಸಾವಿಗೂ ಇದ್ದ ಅಂತರ ಕೇವಲ ಮೂರು ತಿಂಗಳು.

ತಂದೆ ಹೋದ ಮೇಲೆ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಏಳೂವರೆ ವರ್ಷ ಆಳಿದರು. ಆ ಅವಧಿ ಸುಖದ್ದಾಗಿರಲಿಲ್ಲ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಲಿ ಬಿದ್ದ ಮನೆಯವರು ಊರ ಹೊರಗೆ ಗುಡಿಸಲು ಹಾಕಿಕೊಂಡು ಬದುಕಿದ ಕಥೆಗಳನ್ನು ಹಳೆಯ ಮೈಸೂರಿನ ಹಿರಿಯರು ಬಹುಕಾಲ ಹೇಳುತ್ತಿದ್ದರು. ಪ್ಲೇಗೂ ಜೀವಾಣುವಿನ ರೋಗವೇ. ಗಡ್ಡೆ ಕಟ್ಟುವ ರೂಪ ನಮಗೆ ಪರಿಚಿತ. ಅದು ಶ್ವಾಸಕೋಶಕ್ಕೆ ಇಳಿದಾಗ ಮಾತ್ರ ಕೆಮ್ಮಿದ ಹನಿಯಿಂದಲೇ ಮನುಷ್ಯರಿಂದ ಮನುಷ್ಯರಿಗೆ ಹರಡಿ, ಮದ್ದಿಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ಕೊಲ್ಲುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದದ್ದು, ಬಸವನಗುಡಿ ಮತ್ತು ಮಲ್ಲೇಶ್ವರದಂಥ ವಿಶಾಲ ಬಡಾವಣೆಗಳು ಎದ್ದದ್ದು ಈ ಭಯದ ನೆರಳಿನಲ್ಲಿ. 1902ರ ಆಗಸ್ಟ್ 8ರಂದು ಲಾರ್ಡ್ ಕರ್ಜನ್ನರ ಸಮಕ್ಷಮದಲ್ಲಿ ಅಧಿಕಾರ ವಹಿಸಿಕೊಂಡ ಹದಿನೆಂಟರ ಅರಸ ಮರುವರ್ಷವೇ ಮೈಸೂರು ನಗರಕ್ಕೆ ಸುಧಾರಣಾ ಮಂಡಳಿ ರಚಿಸಿದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಇಕ್ಕಟ್ಟಾದ ಬೀದಿಗಳನ್ನು ಒಡೆದು ಗಾಳಿ ಬೆಳಕು ಬರುವಂತೆ ಮಾಡುವುದು ಅಂದಿನ ಮಟ್ಟಿಗೆ ಅಲಂಕಾರದ ಕೆಲಸವಾಗಿರಲಿಲ್ಲ, ವೈದ್ಯವೇ ಆಗಿತ್ತು.

ಅರಮನೆಯೊಳಗಿನ ಯಕ್ಷ್ಮ

ನಾಲ್ವಡಿಯವರಿಗೆ ಮೂವರು ಸೋದರಿಯರು. ಜಯಲಕ್ಷ್ಮಮ್ಮಣ್ಣಿಯವರನ್ನು ಮುಂದೆ ದಿವಾನರಾದ ಎಂ. ಕಾಂತರಾಜ ಅರಸರಿಗೂ, ಕೃಷ್ಣಾಜಮ್ಮಣ್ಣಿಯವರನ್ನು ಕರ್ನಲ್ ದೇಸರಾಜ ಅರಸರಿಗೂ ಕೊಟ್ಟು ವಿವಾಹವಾಗಿತ್ತು. ಚೆಲುವಾಜಮ್ಮಣ್ಣಿಯವರು ಕಿರಿಯರು. ಮೂವರಿಗೂ ಮೈಸೂರಿನಲ್ಲಿ ಪ್ರತ್ಯೇಕ ಅರಮನೆಗಳು ನಿರ್ಮಾಣವಾದವು. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ, ಕಾರಂಜಿ ಕೆರೆಯ ಸಮೀಪದ ಕಾರಂಜಿ ಮ್ಯಾನ್ಷನ್, ಈಗ ಆಹಾರ ಸಂಶೋಧನಾಲಯವಿರುವ ಚೆಲುವಾಂಬಾ ಮ್ಯಾನ್ಷನ್ ಇವೇ ಅವು. ಕಾರಂಜಿ ಮ್ಯಾನ್ಷನ್ ಕೃಷ್ಣಾಜಮ್ಮಣ್ಣಿಯವರದು.

ಎತ್ತರದ ಛಾವಣಿ, ಉದ್ಯಾನ, ಆಳುಕಾಳು, ದರ್ಬಾರಿನ ವೈದ್ಯರು ಎಲ್ಲವೂ ಇದ್ದ ಈ ಕುಟುಂಬಕ್ಕೆ ಕ್ಷಯ ಹೊಕ್ಕಿತು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಕೃಷ್ಣಾಜಮ್ಮಣ್ಣಿಯವರ ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರಂತೆ ಈ ರೋಗಕ್ಕೆ ಬಲಿಯಾದರು. ಕೃಷ್ಣಾಜಮ್ಮಣ್ಣಿಯವರನ್ನೂ ಅದು ಬಿಡಲಿಲ್ಲ.

ಆಯುರ್ವೇದದಲ್ಲಿ ಕ್ಷಯಕ್ಕೆ ರಾಜಯಕ್ಷ್ಮ ಎಂಬ ಹೆಸರಿದೆ. ನಕ್ಷತ್ರಕನ್ಯೆಯರನ್ನು ವರಿಸಿ ರೋಹಿಣಿಯಲ್ಲಿ ಮಾತ್ರ ಅನುರಕ್ತನಾದ ಚಂದ್ರನು ದಕ್ಷನ ಕೋಪಕ್ಕೆ ಗುರಿಯಾಗಿ ಕ್ಷೀಣಿಸಿದನೆಂದೂ, ರಾಜನಾದ ಚಂದ್ರನಿಗೆ ಮೊದಲು ಬಂದುದರಿಂದ ಅದಕ್ಕೆ ಆ ಹೆಸರೆಂದೂ ಚರಕ ಸಂಹಿತೆಯ ಕಥೆ ಹೇಳುತ್ತದೆ. ಮೈಸೂರಿನ ಒಡೆಯರು ತಮ್ಮನ್ನು ಯದುವಂಶದವರೆಂದು, ಆ ಮೂಲಕ ಚಂದ್ರನ ಕುಲದವರೆಂದು ಗುರುತಿಸಿಕೊಂಡವರು. ಕಥೆಯಲ್ಲಿ ಚಂದ್ರನನ್ನು ಉಳಿಸಲು ಅಶ್ವಿನೀದೇವತೆಗಳಿದ್ದರು. ಕಾರಂಜಿ ಮ್ಯಾನ್ಷನ್ನಿನಲ್ಲಿ ಅವರಿಲ್ಲದೆ ಹೋಯಿತು.

ಈ ರೋಗ ಪ್ಲೇಗಿನಂತೆ ಅಬ್ಬರಿಸುವುದಿಲ್ಲ. ಎರಡು ವಾರ ಮೀರಿದರೂ ಬಿಡದ ಕೆಮ್ಮು, ಸಂಜೆಯಾಗುತ್ತಲೇ ಏರುವ ಸಣ್ಣ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ರುಚಿ ಕಳೆದುಕೊಂಡ ನಾಲಿಗೆ, ತಿಂಗಳಿಂದ ತಿಂಗಳಿಗೆ ಸಡಿಲವಾಗುವ ಉಡುಪು, ಇವು ಅದರ ಲಕ್ಷಣಗಳು. ಕಫದಲ್ಲಿ ರಕ್ತದ ಎಳೆ ಕಂಡ ದಿನವೇ ಮನೆಯವರು ಬೆಚ್ಚುವುದು. ಆದರೆ ಎಷ್ಟೋ ರೋಗಿಗಳಲ್ಲಿ ರಕ್ತ ಕಾಣಿಸಿಕೊಳ್ಳುವುದೇ ಇಲ್ಲ. ಜೀವಾಣು ಶ್ವಾಸಕೋಶದ ಮೇಲ್ಭಾಗದಲ್ಲಿ ನೆಲೆಸಿ, ಅಂಗಾಂಶವನ್ನು ಗಿಣ್ಣಿನಂತೆ ಮೆದುವಾಗಿಸಿ, ಕೊನೆಗೆ ಅಲ್ಲೊಂದು ಪೊಳ್ಳು ಕೊರೆಯುತ್ತದೆ. ಆ ಪೊಳ್ಳಿನಲ್ಲಿ ಕೋಟಿಗಟ್ಟಲೆ ಜೀವಾಣುಗಳಿರುತ್ತವೆ. ರೋಗಿ ಕೆಮ್ಮಿದಾಗ ಹೊರಬೀಳುವ ಸೂಕ್ಷ್ಮ ಹನಿಗಳು ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಅದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಜೊತೆಗಿರುವವರೇ ಮುಂದಿನ ಗುರಿ. ತಾಯಿಯಿಂದ ಮಕ್ಕಳಿಗೆ, ಅಕ್ಕನಿಂದ ತಂಗಿಗೆ ಅದು ಸಾಗುವುದು ಹೀಗೆ. ಶಾಪವೆಂದೂ ವಂಶದ ದೋಷವೆಂದೂ ಜನ ತಿಳಿದುಕೊಂಡದ್ದಕ್ಕೆ ಕಾರಣ ಇದೇ. ಒಂದೇ ಮನೆಯಲ್ಲಿ ಸಾಲಾಗಿ ಸಾವುಗಳಾದರೆ ಬೇರೇನು ತಿಳಿದಾರು?

ಅರಸು ಮನೆತನದ ಹೆಂಗಸರು ಆಗ ಗೋಷಾದಲ್ಲಿದ್ದರು. ಒಂದನೆಯ ಮಹಾಯುದ್ಧದ ವರ್ಷಗಳಲ್ಲಿ ಭಾರತದ ಕ್ಷಯ ಪರಿಸ್ಥಿತಿಯನ್ನು ಅಧ್ಯಯನ ಮಾಡಿ 1920ರಲ್ಲಿ ಪುಸ್ತಕ ಪ್ರಕಟಿಸಿದ ಆರ್ಥರ್ ಲ್ಯಾಂಕೆಸ್ಟರ್ ಎಂಬ ವೈದ್ಯರು, ಪರದೆಯೊಳಗಿನ ಹೆಂಗಸರಲ್ಲಿ ಈ ರೋಗ ಹೆಚ್ಚೆಂದು ಒತ್ತಿ ಹೇಳಿದ್ದರು. ಮೈಸೂರು ಅರಮನೆಯ ವಿಷಯದಲ್ಲಿ ಅದೇ ಕಾರಣವೆಂದು ಹೇಳಲು ಆಧಾರವಿಲ್ಲ. ಆದರೆ ಬಡವರ ಕತ್ತಲೆಯ ಕೋಣೆಗೂ ಶ್ರೀಮಂತರ ಅಂತಃಪುರಕ್ಕೂ ಕ್ಷಯದ ಜೀವಾಣು ಭೇದವೆಣಿಸದು ಎಂಬುದಕ್ಕೆ ಈ ಮನೆಗಿಂತ ದೊಡ್ಡ ಸಾಕ್ಷಿ ನಮ್ಮ ನಾಡಿನಲ್ಲಿ ಸಿಗಲಾರದು.

ಜೀವಾಣು ಯಾವುದೆಂದು ಆ ಹೊತ್ತಿಗೆ ಲೋಕಕ್ಕೆ ತಿಳಿದಿತ್ತು. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಅದನ್ನು ಸಾರಿದ್ದರು. ಎಂಟು ವರ್ಷಗಳ ಬಳಿಕ ಅವರೇ ಮುಂದಿಟ್ಟ ಟ್ಯೂಬರ್ಕ್ಯುಲಿನ್ ಎಂಬ ಮದ್ದು ರೋಗವನ್ನು ವಾಸಿಮಾಡದೆ ನಿರಾಸೆ ತಂದಿತು. ರೋಗದ ಹೆಸರು, ರೂಪ, ಹರಡುವ ಬಗೆ ಎಲ್ಲ ಗೊತ್ತಿದ್ದೂ ವೈದ್ಯನ ಕೈ ಬರಿದಾಗಿತ್ತು. ಗೊತ್ತಿಲ್ಲದ ರೋಗದಿಂದ ಸಾಯುವುದಕ್ಕಿಂತ, ಗೊತ್ತಿದ್ದ ರೋಗದಿಂದ ಹೀಗೆ ಸಾಯುವುದನ್ನು ನೋಡುತ್ತ ಕೂರುವುದು ಕಷ್ಟವಿರಬೇಕು.

ಕೃಷ್ಣರಾಜಸಾಗರದ ದಾರಿಯಲ್ಲಿ

ನಾಲ್ವಡಿಯವರು ಸೋದರಿಯ ನೆನಪಿಗೆ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವೊಂದನ್ನು ಕಟ್ಟಿಸಿದರು. 1921ರ ಹೊತ್ತಿಗೆ ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆಯಲ್ಲಿ, ಆಗ ಊರ ಹೊರಗಿದ್ದ ವಿಶಾಲ ಬಯಲಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಸ್ಯಾನಟೋರಿಯಂ ಕಾರ್ಯಾರಂಭ ಮಾಡಿತು. ರಾಜಸ್ಥಾನದ ತಿಲೋನಿಯಾದಲ್ಲಿ 1906ರಲ್ಲೂ, ಆಂಧ್ರದ ಮದನಪಲ್ಲಿಯ ಬಳಿ 1915ರಲ್ಲೂ ಮಿಷನರಿಗಳು ಇಂಥ ಧಾಮಗಳನ್ನು ತೆರೆದಿದ್ದರು. ಒಂದು ದೇಶೀ ಸಂಸ್ಥಾನವು ತಾನಾಗಿ ಇದಕ್ಕೆ ಕೈಹಾಕಿದ್ದು ಆ ದಿನಗಳಲ್ಲಿ ಸಣ್ಣ ಮಾತಲ್ಲ.

ಮದ್ದಿಲ್ಲದ ರೋಗಕ್ಕೆ ಆಸ್ಪತ್ರೆಯಲ್ಲಿ ಏನು ಕೊಡುತ್ತಿದ್ದರು? ಆ ಕಾಲದ ಸ್ಯಾನಟೋರಿಯಂಗಳ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಮೊದಲ ಮದ್ದು ವಿಶ್ರಾಂತಿ. ಜ್ವರವಿರುವವರೆಗೆ ರೋಗಿ ಹಾಸಿಗೆ ಬಿಟ್ಟೇಳುವಂತಿಲ್ಲ. ಎರಡನೆಯದು ಗಾಳಿ. ಉದ್ದನೆಯ ತೆರೆದ ಜಗುಲಿಗಳಲ್ಲಿ ಮಂಚಗಳನ್ನು ಸಾಲಾಗಿ ಹಾಕಿ, ಚಳಿ ಮಳೆಯೆನ್ನದೆ ರೋಗಿಗಳನ್ನು ಅಲ್ಲೇ ಮಲಗಿಸುತ್ತಿದ್ದರು. ಹಾಲು, ಮೊಟ್ಟೆ, ಬೆಣ್ಣೆ, ಮೀನೆಣ್ಣೆ ಮೂರನೆಯದು. ಪ್ರತಿಯೊಬ್ಬರಿಗೂ ಮುಚ್ಚಳವಿರುವ ಉಗುಳುಬಟ್ಟಲು. ಅದರಲ್ಲಿದ್ದುದನ್ನು ದಿನವೂ ಸುಡಬೇಕು ಇಲ್ಲವೆ ಕುದಿಸಬೇಕು. ಬೆಳಿಗ್ಗೆ ಸಂಜೆ ಜ್ವರ ನೋಡಿ ಕಾಗದದ ಮೇಲೆ ಗೆರೆ ಎಳೆಯುವರು. ತಿಂಗಳುಗಟ್ಟಲೆ ಆ ಗೆರೆಯ ಏರಿಳಿತವನ್ನೇ ಕಾಯುತ್ತ ರೋಗಿ ದಿನ ದೂಡುವನು. ಕೆಲವೆಡೆ ಸೂಜಿಯ ಮೂಲಕ ಎದೆಗೂಡಿಗೆ ಗಾಳಿ ತುಂಬಿ ಒಂದು ಪಕ್ಕದ ಶ್ವಾಸಕೋಶವನ್ನು ಕುಗ್ಗಿಸಿಡುವ ಚಿಕಿತ್ಸೆಯೂ ಇತ್ತು. ಕುಗ್ಗಿದ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಕ್ಕಿ ಪೊಳ್ಳು ಮುಚ್ಚೀತೆಂಬುದು ಅದರ ಹಿಂದಿನ ತರ್ಕ. ಗಾಳಿ ಇಂಗಿಹೋಗುವುದರಿಂದ ಮತ್ತೆ ಮತ್ತೆ ತುಂಬಬೇಕಾಗಿತ್ತು.

ಇದರಿಂದ ಎಷ್ಟು ಜನ ಬದುಕಿದರು ಎಂಬ ಪ್ರಶ್ನೆ ಸಹಜ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಉತ್ತರ ನಮ್ಮ ನೆಲದಲ್ಲೇ ಸಿಕ್ಕಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಸುತ್ತಲ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಂತೆ, ಕಫದಲ್ಲಿ ಜೀವಾಣು ಕಂಡ ರೋಗಿಗಳಲ್ಲಿ ಐದು ವರ್ಷ ಕಳೆಯುವಷ್ಟರಲ್ಲಿ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೂರನೆಯ ಒಂದು ಪಾಲಿನವರಲ್ಲಿ ರೋಗ ತಾನಾಗಿಯೇ ಅಡಗಿತ್ತು. ಉಳಿದವರು ರೋಗವನ್ನು ಹೊತ್ತು ಇತರರಿಗೆ ಹಂಚುತ್ತ ಬದುಕಿದ್ದರು. ತಾನಾಗಿ ಗುಣವಾಗಬಲ್ಲವರಿಗೆ ಸ್ಯಾನಟೋರಿಯಂ ಊಟ ಮತ್ತು ವಿಶ್ರಾಂತಿ ಕೊಟ್ಟು ನೆರವಾಯಿತು ಎನ್ನಬಹುದು. ಅದಕ್ಕಿಂತ ಹೆಚ್ಚಿನ ಉಪಕಾರ ಮನೆಯಲ್ಲಿದ್ದ ಮಕ್ಕಳಿಗಾಯಿತು. ಕೆಮ್ಮುವ ತಾಯಿ ಅಷ್ಟು ಕಾಲ ಅವರ ಕೋಣೆಯಲ್ಲಿರಲಿಲ್ಲ. ಕೃಷ್ಣಾಜಮ್ಮಣ್ಣಿಯವರ ಸಂಸಾರದಲ್ಲಿ ಆದುದನ್ನು ನೆನೆದರೆ, ಅವರ ಹೆಸರಿಗೆ ಇದಕ್ಕಿಂತ ತಕ್ಕ ಕಟ್ಟಡ ಇನ್ನೊಂದಿರಲಾರದೆಂದು ಈ ಲೇಖಕನಿಗೆ ಅನ್ನಿಸುತ್ತದೆ.

ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲು ಹೊಳೆನರಸೀಪುರ ಮತ್ತು ಹಾಸನವನ್ನು ಹಾದುಹೋಗುತ್ತದೆ. ಹೀಗಾಗಿ ಹಾಸನ ಸೀಮೆಗೆ ಮೈಸೂರಿನ ದೊಡ್ಡ ಆಸ್ಪತ್ರೆಗಳು ತೀರ ದೂರದವಾಗಿರಲಿಲ್ಲ. ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ಗಾಡಿಯಲ್ಲಿ ಬಂದು ರೈಲು ಹಿಡಿಯಬೇಕಾಗಿತ್ತಷ್ಟೆ. ಇದೇ ಸೀಮೆಗೆ ನಾಲ್ವಡಿಯವರು 1925ರಲ್ಲಿ ಬಂದರು. ಶ್ರವಣಬೆಳಗೊಳದಲ್ಲಿ ಆ ವರ್ಷ ಬಾಹುಬಲಿಯ ಮಹಾಮಸ್ತಕಾಭಿಷೇಕ. ದೇಶದ ಮೂಲೆ ಮೂಲೆಗಳಿಂದ ಬಂದ ಜೈನ ಸಮುದಾಯವನ್ನು ಅವರು ಅಲ್ಲಿ ಸ್ವಾಗತಿಸಿ ಮಾತನಾಡಿದರು. ಗೊಮ್ಮಟನ ಉತ್ಸವಗಳಿಗೂ ಮೈಸೂರು ಅರಸರಿಗೂ ಇದ್ದ ನಂಟು ಹಳೆಯದು.

ಇಂಥ ಜಾತ್ರೆ ಉತ್ಸವಗಳೆಂದರೆ ಅಂದಿನ ಆಡಳಿತಕ್ಕೆ ಕಾಲರಾ ಮತ್ತು ಪ್ಲೇಗಿನ ಭಯ. ಕ್ಷಯದ ರೀತಿ ಬೇರೆ. ಬಿಸಿಲು ಗಾಳಿ ಆಡುವ ಬೆಟ್ಟದ ಮೇಲೆ ಲಕ್ಷ ಜನ ಒಂದು ದಿನ ಸೇರಿದರೆ ಅದಕ್ಕೆ ಸಿಗುವ ಅವಕಾಶ ಕಡಿಮೆ. ಬೆಟ್ಟದ ಕೆಳಗಿನ ಮುಚ್ಚಿದ ಮನೆಯೊಂದರಲ್ಲಿ ಐದು ಜನ ಒಂದು ವರ್ಷ ಮಲಗಿದರೆ ಸಿಗುವುದು ಹೆಚ್ಚು. ಇದಿರಿನ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ ವ್ರತದಿಂದ ಮುಡಿಪಿದವರ ಶಾಸನಗಳು ಸಾಲುಗಟ್ಟಿವೆ. ಆ ವ್ರತಕ್ಕೆ ಯೋಗ್ಯವಾದ ಸಂದರ್ಭಗಳಲ್ಲಿ ಪ್ರತೀಕಾರವಿಲ್ಲದ ರೋಗವೂ ಒಂದೆಂದು ಆಚಾರ್ಯ ಸಮಂತಭದ್ರರು ಹೇಳುತ್ತಾರೆ. 1925ರಲ್ಲಿ ಕ್ಷಯವಿನ್ನೂ ಆ ಸಾಲಿನಲ್ಲೇ ಇತ್ತು.

ಅರಸರ ವೈಯಕ್ತಿಕ ಜೀವನದಲ್ಲಿ ಐಶ್ವರ್ಯಕ್ಕೆ ತಕ್ಕ ನೆಮ್ಮದಿ ಇದ್ದಂತಿಲ್ಲ. 1900ರಲ್ಲಿ ಕಾಠೇವಾಡದ ಪ್ರತಾಪಕುಮಾರಿಯವರೊಡನೆ ಆದ ವಿವಾಹದಿಂದ ಸಂತಾನವಾಗಲಿಲ್ಲ. ಸಂಗೀತ ಅವರ ಸಂಗಾತಿಯಾಗಿತ್ತು. ಹಲವು ವಾದ್ಯಗಳನ್ನು ಸ್ವತಃ ನುಡಿಸುತ್ತಿದ್ದರು. ಪೂಜೆ, ಕುದುರೆ ಸವಾರಿ, ಕಟ್ಟುನಿಟ್ಟಾದ ದಿನಚರಿ ಅವರ ಜೀವನಕ್ರಮ. 1931ರಲ್ಲಿ ಕೈಲಾಸ ಮಾನಸ ಸರೋವರದ ಕಠಿಣ ಯಾತ್ರೆಯನ್ನು ಮಾಡಿ ಬಂದರು. 1934ರಲ್ಲಿ ತಾಯಿ ತೀರಿಕೊಂಡರು. ಆರೋಗ್ಯದ ಕೆಲಸಗಳು ಮಾತ್ರ ನಿಲ್ಲಲಿಲ್ಲ. 1924ರಲ್ಲಿ ಸಂಸ್ಥಾನದ ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ಬೆಂಗಳೂರಿನಲ್ಲಿ ತಾಯಿಯ ಹೆಸರಿನ ವಾಣಿವಿಲಾಸ ಆಸ್ಪತ್ರೆ, ಮೈಸೂರಿನಲ್ಲಿ ಕಿರಿಯ ಸೋದರಿಯ ಹೆಸರಿನ ಚೆಲುವಾಂಬಾ ಆಸ್ಪತ್ರೆ ಹೆಂಗಸರಿಗೂ ಮಕ್ಕಳಿಗೂ ಮೀಸಲಾದವು. ಅಣೆಕಟ್ಟೆಯ ಬಗ್ಗೆ ನೂರು ಲೇಖನ ಬರೆಯುವ ನಾವು ಈ ಆಸ್ಪತ್ರೆಗಳ ಬಗ್ಗೆ ಒಂದನ್ನೂ ಬರೆಯದಿರುವುದು ವಿಚಿತ್ರ.

ಮದ್ದು ಬಂದ ಹೊತ್ತು

ಕ್ಷಯದ ಜೊತೆಗೆ ಎದೆಗೆ ಬರುವ ಇನ್ನೊಂದು ಮಾರಿ ನ್ಯುಮೋನಿಯಾ. ಇದು ತದ್ವಿರುದ್ಧ ಸ್ವಭಾವದ್ದು. ಬೆಳಿಗ್ಗೆ ಚೆನ್ನಾಗಿದ್ದವನಿಗೆ ಸಂಜೆ ನಡುಕ ಹತ್ತಿ ಜ್ವರ ಏರುತ್ತದೆ. ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚಿದಂತೆ ನೋವು, ತುಕ್ಕಿನ ಬಣ್ಣದ ಕಫ, ಏದುಸಿರು. ಶ್ವಾಸಕೋಶದ ಗಾಳಿಚೀಲಗಳಲ್ಲಿ ಗಾಳಿಯ ಬದಲು ಕೀವು ಮತ್ತು ದ್ರವ ತುಂಬುತ್ತದೆ. ಹಿಂದೆ ಏಳನೆಯ ಅಥವಾ ಒಂಬತ್ತನೆಯ ದಿನವನ್ನು ಮನೆಯವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆ ದಿನ ಜ್ವರ ಬೆವರಾಗಿ ಇಳಿದರೆ ರೋಗಿ ಉಳಿದ, ಇಲ್ಲವಾದರೆ ಇಲ್ಲ. 1938ರಲ್ಲಿ ಸಲ್ಫಾಪಿರಿಡಿನ್ ಎಂಬ ಮಾತ್ರೆ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದು ನ್ಯುಮೋನಿಯಾದ ಸಾವುಗಳನ್ನು ಮೊದಲ ಬಾರಿಗೆ ಗಣನೀಯವಾಗಿ ತಗ್ಗಿಸಿತು. 1943ರ ಡಿಸೆಂಬರಿನಲ್ಲಿ ಉತ್ತರ ಆಫ್ರಿಕದಲ್ಲಿ ನ್ಯುಮೋನಿಯಾಕ್ಕೆ ತುತ್ತಾದ ಚರ್ಚಿಲ್ಲರಿಗೂ ಸಲ್ಫಾ ಮಾತ್ರೆಗಳನ್ನೇ ಕೊಡಲಾಗಿತ್ತು.

1940ರ ಮಾರ್ಚಿಯಲ್ಲಿ ನಾಲ್ವಡಿಯವರ ತಮ್ಮ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮುಂಬಯಿಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ಬೆಂಗಳೂರಿನಲ್ಲಿ ಸ್ವತಃ ನಾಲ್ವಡಿಯವರು ಹೃದಯಾಘಾತದಿಂದ ನಿಧನರಾದರು. ಅವರಿಗೆ 56 ವರ್ಷ. ಮೂರು ವಾರಗಳ ನಂತರ, ಆಗಸ್ಟ್ 24ರಂದು, ಪೆನಿಸಿಲಿನ್ ಇಲಿಗಳನ್ನು ಮಾರಕ ಸೋಂಕಿನಿಂದ ಉಳಿಸಿದ ಪ್ರಯೋಗದ ವರದಿಯನ್ನು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಕ್ಷಯಕ್ಕೆ ಪೆನಿಸಿಲಿನ್ ನಾಟಲಿಲ್ಲ. ಆ ಜೀವಾಣುವಿನ ಮೇಣದಂಥ ಹೊದಿಕೆ ಅದನ್ನು ಒಳಬಿಡದು. ಅಮೆರಿಕದ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ತರುಣ 1943ರಲ್ಲಿ ಮಣ್ಣಿನ ಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ತೆಗೆದ. ಮೊದಮೊದಲು ಅದ್ಭುತವೆನಿಸಿದ ಅದು ಒಂದೇ ಮದ್ದಾಗಿ ಕೊಟ್ಟಾಗ ಕೆಲವೇ ತಿಂಗಳಲ್ಲಿ ಸೋಲತೊಡಗಿತು; ಕೋಟಿಗಟ್ಟಲೆ ಜೀವಾಣುಗಳಲ್ಲಿ ಅದಕ್ಕೆ ಬಗ್ಗದ ಬೆರಳೆಣಿಕೆಯವು ಉಳಿದು ಬೆಳೆದವು. ಎರಡು ಮೂರು ಮದ್ದುಗಳನ್ನು ಒಟ್ಟಿಗೆ ಕೊಟ್ಟರೆ ಮಾತ್ರ ಗೆಲುವೆಂಬ ಪಾಠ ಅಲ್ಲಿಂದ ಬಂತು. 1952ರಲ್ಲಿ ಐಸೋನಿಯಾಜಿಡ್, 1960ರ ದಶಕದಲ್ಲಿ ರಿಫಾಂಪಿಸಿನ್ ಸೇರಿದವು.

ಅನಂತರ ಸ್ಯಾನಟೋರಿಯಂಗಳ ಕಥೆಯೇ ಬದಲಾಯಿತು. ಮದರಾಸಿನಲ್ಲಿ 1956ರಿಂದ ನಡೆದ ಹೋಲಿಕೆಯ ಅಧ್ಯಯನದಲ್ಲಿ ಬಡ ರೋಗಿಗಳ ಒಂದು ಗುಂಪನ್ನು ಸ್ಯಾನಟೋರಿಯಂನಲ್ಲಿಟ್ಟು, ಇನ್ನೊಂದನ್ನು ಇಕ್ಕಟ್ಟಿನ ಸ್ವಂತ ಮನೆಗಳಲ್ಲೇ ಬಿಟ್ಟು, ಇಬ್ಬರಿಗೂ ಒಂದೇ ಮಾತ್ರೆ ಕೊಡಲಾಯಿತು. ಒಂದು ವರ್ಷದ ಬಳಿಕ ಫಲಿತಾಂಶ ಹೆಚ್ಚುಕಡಿಮೆ ಸಮ. ಮನೆಯಲ್ಲಿದ್ದವರ ಬಂಧುಗಳಿಗೂ ಹೆಚ್ಚಿನ ಅಪಾಯವಾಗಲಿಲ್ಲ. ಒಳ್ಳೆಯ ಊಟ, ವಿಶ್ರಾಂತಿ, ತೆರೆದ ಜಗುಲಿ ಇವೆಲ್ಲ ಮಾತ್ರೆಯ ಮುಂದೆ ಮಂಕಾದವು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದ ಮೇಲೆ ಹಾಸನದ ನೆರೆಯ ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ನಡೆಯಿತು. ಅದರ ಜಾಡು ಹಿಡಿದು ಬ್ಯಾನರ್ಜಿ ಮತ್ತು ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದತಕ್ಕದ್ದು. ರೋಗಲಕ್ಷಣವಿದ್ದ ಹಳ್ಳಿಗರಲ್ಲಿ ಸುಮಾರು ಅರ್ಧ ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರ ಕೈಗೆ ಬಂದದ್ದು ಒಂದು ಸೀಸೆ ಕೆಮ್ಮಿನ ಔಷಧ. ಹಳ್ಳಿಯವರು ಅಜ್ಞಾನದಿಂದ ವೈದ್ಯರ ಬಳಿ ಹೋಗುವುದಿಲ್ಲವೆಂಬ ನಗರದವರ ನಂಬಿಕೆ ಅಲ್ಲಿಗೆ ಮುರಿಯಿತು.

ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು ಮದ್ದುಗಳು. ಮುಂದಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಮೂರು. ತಕ್ಕ ಮದ್ದು ಆರಂಭವಾದ ಕೆಲವೇ ವಾರಗಳಲ್ಲಿ ರೋಗಿ ಇತರರಿಗೆ ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಕೆಮ್ಮು ಜ್ವರ ಎರಡು ತಿಂಗಳೊಳಗೆ ಮಾಯವಾಗುವುದರಿಂದ ಮಾತ್ರೆ ನಿಲ್ಲಿಸುವ ಆಸೆ ಹುಟ್ಟುತ್ತದೆ. ಔಷಧಕ್ಕೆ ಬಗ್ಗದ ಕ್ಷಯ ಬೆಳೆಯುವ ದಾರಿಗಳಲ್ಲಿ ಇದೂ ಒಂದು. ಕಫ ಪರೀಕ್ಷೆ ಮತ್ತು ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು. 2024ರ ನವೆಂಬರಿನಿಂದ ಅದು 1000 ರೂಪಾಯಿಯಾಯಿತು. ಸ್ಯಾನಟೋರಿಯಂನ ಹಾಲು ಮೊಟ್ಟೆ ಒಂದು ರೀತಿಯಲ್ಲಿ ಹಿಂತಿರುಗಿ ಬಂದಂತಾಯಿತು. ನ್ಯುಮೋನಿಯಾಕ್ಕೆ ಇಂದು ಸಾಮಾನ್ಯವಾಗಿ ಕೆಲವು ದಿನಗಳ ಆಂಟಿಬಯೋಟಿಕ್ ಸಾಕು. ಆದರೆ ಚಿಕ್ಕ ಮಕ್ಕಳಲ್ಲಿ ಕಾಯಲು ಸಮಯವಿಲ್ಲ. ಕೆಮ್ಮಿರುವ ಮಗು ಒಂದು ವರ್ಷದೊಳಗಿನದಾಗಿದ್ದು ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ್ದಾಗಿದ್ದು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ಎರಡು ತಿಂಗಳೊಳಗಿನ ಹಸುಗೂಸಿಗೆ ಈ ಮಿತಿ 60. ಚಾಮರಾಜ ಒಡೆಯರನ್ನು ಕೊಂದ ಗಂಟಲುಮಾರಿಗೆ ಲಸಿಕೆಯಿದ್ದೂ, ಅದನ್ನು ತಪ್ಪಿಸಿಕೊಂಡ ಮಕ್ಕಳಲ್ಲಿ ಉತ್ತರ ಕರ್ನಾಟಕದ ಕೆಲ ಜಿಲ್ಲೆಗಳಿಂದ ಈ ಶತಮಾನದಲ್ಲೂ ಪ್ರಕರಣಗಳು ವರದಿಯಾಗಿವೆ.

ಮೈಸೂರಿನ ಸ್ಯಾನಟೋರಿಯಂ ಕಾಲಕ್ರಮದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಎದೆರೋಗಗಳ ಆಸ್ಪತ್ರೆಯಾಯಿತು. ಒಂದು ಕಾಲಕ್ಕೆ ಊರ ಹೊರಗಿದ್ದ ಆ ಬಯಲನ್ನು ನಗರ ಸುತ್ತುವರಿದಿದೆ. ಅದೇ ಆವರಣದಲ್ಲಿ ಅಪಘಾತ ಚಿಕಿತ್ಸೆಯ ಮತ್ತು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಳು ಎದ್ದಿವೆ. ಊರವರ ಬಾಯಲ್ಲಿ ಅದು ಪಿ.ಕೆ. ಸ್ಯಾನಿಟೋರಿಯಂ. ಪಿ ಎಂದರೆ ಪ್ರಿನ್ಸೆಸ್, ಕೆ ಎಂದರೆ ಕೃಷ್ಣಾಜಮ್ಮಣ್ಣಿ.